ಹೂ ಬಿಟ್ಟು ಮಣ್ಣು ನೋಡಿ

ಮುಂಗಾರಿನ ಕೊನೆಯ ಮಳೆಗಳು ಬಂದುಹೋಗಿ ಬಿಸಿಲು ಚುರುಕಾಗುವ ಹೊತ್ತಿಗೆ ಚಿತ್ರದುರ್ಗದ ಸುತ್ತಿನ ಕುರುಚಲು ಗುಡ್ಡಗಳ ಬುಡದಲ್ಲಿ ವಿಷ್ಣುಕ್ರಾಂತಿ, ನೆಗ್ಗಿಲು, ಟ್ರೈಡ್ಯಾಕ್ಸ್ ಒಟ್ಟೊಟ್ಟಿಗೆ ಹೂ ಬಿಟ್ಟಿರುತ್ತವೆ. ಯಾರೂ ಬಿತ್ತಿದ್ದಲ್ಲ, ಯಾರೂ ಕೊಯ್ಯುವುದೂ ಇಲ್ಲ. ಬೆಳಗ್ಗೆ ಒಂಬತ್ತರ ಮೇಲೆ ಅಲ್ಲಿ ಸುಮ್ಮನೆ ಕೂತರೆ ಕಿವಿಯ ಪಕ್ಕದಲ್ಲಿ ತೆಳ್ಳಗೆ ಗುಂಯ್ ಎನ್ನುವ ಸದ್ದು ಕೇಳುತ್ತದೆ. ತಿರುಗಿ ನೋಡುವಷ್ಟರಲ್ಲಿ ಸದ್ದಿನ ಒಡೆಯ ಎರಡು ಗಿಡದಾಚೆ ಗಾಳಿಯಲ್ಲಿ ನಿಂತಾಗಿರುತ್ತದೆ. ಮೈಯೆಲ್ಲ ಕಂದು ರೋಮ, ಗುಂಡು ಹೊಟ್ಟೆ, ಗೋಣಿಚೀಲ ಹೊಲಿಯುವ ದಬ್ಬಳದಂತೆ ಮುಂದಕ್ಕೆ ಚಾಚಿದ ಕೊಳವೆಬಾಯಿ. ನೋಡಿದವರು ಜೇನು ಎನ್ನುತ್ತಾರೆ. ಇದು ನೊಣ. ಬೀ ಫ್ಲೈ ಎಂದು ಕರೆಯುವ ಬಾಂಬಿಲಿಡೇ ಕುಟುಂಬದ್ದು. ಈ ಕುಟುಂಬದ 4,500ಕ್ಕೂ ಹೆಚ್ಚು ಪ್ರಭೇದಗಳಿಗೆ ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟಿದ್ದಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮಕ್ಕಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಕಚ್ಚುತ್ತಾ ಮಿಸ್?" ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಆ ಕೊಳವೆ ಇರುವುದು ಮಕರಂದಕ್ಕೆ. ಗುರುತು ಹಿಡಿಯಬೇಕಾದರೆ ರೆಕ್ಕೆ ಎಣಿಸಿ ಎನ್ನುತ್ತೇನೆ. ಜೇನಿಗೆ ಎರಡು ಜೊತೆ, ನೊಣಕ್ಕೆ ಒಂದೇ ಜೊತೆ. ಎರಡನೆಯ ಜೊತೆ ಇರಬೇಕಾದ ಜಾಗದಲ್ಲಿ ಹಾರಾಟದ ಸಮತೋಲ ನೋಡಿಕೊಳ್ಳುವ ಎರಡು ಪುಟ್ಟ ಗುಬುಟುಗಳು. ಮೀಸೆ ಗಿಡ್ಡ, ಕಣ್ಣು ತಲೆತುಂಬ. ಕೂತಾಗ ಹೆಚ್ಚಿನವು ರೆಕ್ಕೆ ಮಡಚದೆ ಎರಡೂ ಪಕ್ಕಕ್ಕೆ ಹರಡಿ ಇಟ್ಟುಕೊಳ್ಳುತ್ತವೆ.

ವಿಷ್ಣುಕ್ರಾಂತಿಯ ನೀಲಿ ಹೂ ಹೆಬ್ಬೆರಳ ಉಗುರಿನಷ್ಟೂ ಇಲ್ಲ. ನೊಣ ಅದರ ಮುಂದೆ ಬಂದು, ಮುಂಗಾಲಿನ ತುದಿಯನ್ನಷ್ಟೇ ಎಸಳಿಗೆ ತಾಗಿಸಿ, ಕೊಳವೆ ಇಳಿಸುತ್ತದೆ. ಮೈಭಾರ ಹೂವಿನ ಮೇಲೆ ಹಾಕುವುದಿಲ್ಲ, ಕುಡಿಯುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ. ಆ ಗಾಳಿಗೆ ಎಸಳಿನ ಅಂಚು ಅದುರುವುದು ಬರಿಗಣ್ಣಿಗೇ ಕಾಣುತ್ತದೆ. ಒಂದೆರಡು ಸೆಕೆಂಡು, ಹಿಮ್ಮುಖವಾಗಿ ಸರಿದು ಇನ್ನೊಂದು ಹೂ. ಮುಖದ ರೋಮಕ್ಕೆ ಮೆತ್ತಿಕೊಂಡ ಪರಾಗವೂ ಜೊತೆಗೆ ಹೊರಡುತ್ತದೆ. ಹೆಣ್ಣುಗಳು ಪರಾಗ ತಿನ್ನುವುದೂ ಉಂಟು, ಏಕೆಂದರೆ ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನು ಮಕರಂದದಲ್ಲಿ ಸಿಕ್ಕುವುದಿಲ್ಲ. ಟ್ರೈಡ್ಯಾಕ್ಸಿಗೆ ಬರುವ, ರೆಕ್ಕೆಯ ಮೇಲೆ ಕಪ್ಪು ಚಿತ್ತಾರವಿರುವ ದೊಡ್ಡ ಜಾತಿಗಳು ಹೀಗಲ್ಲ, ಹೂವಿನ ಮೇಲೆ ಸಾವಕಾಶವಾಗಿ ಕೂತೇ ಕುಡಿಯುತ್ತವೆ. ಫೋಟೋ ತೆಗೆಯಲು ಹೊಸದಾಗಿ ಹೊರಟವರು ಅವುಗಳಿಂದ ಶುರುಮಾಡುವುದು ವಾಸಿ.

ನೊಣದ ಹಿಂದೆ ಓಡಬಾರದು. ಚೆನ್ನಾಗಿ ಅರಳಿದ ಒಂದು ಗುಂಪು ಹೂ ಆರಿಸಿಕೊಂಡು, ನಮ್ಮ ನೆರಳು ಅದರ ಮೇಲೆ ಬೀಳದ ಹಾಗೆ, ಕ್ಯಾಮೆರಾ ಹೂವಿನ ಮಟ್ಟಕ್ಕೆ ಇಳಿಸಿ ಕಾಯಬೇಕು. ಅಂದರೆ ನೆಲಕ್ಕೆ ಮಲಗಬೇಕು. 100 ಎಂಎಂ ಮ್ಯಾಕ್ರೋ ಲೆನ್ಸಾದರೆ ತೀರಾ ಮೂಗಿನ ಹತ್ತಿರ ಹೋಗದೆ ಕೆಲಸವಾಗುತ್ತದೆ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಮೂಡುವುದು ಕೆಲವೇ ಮಿಲಿಮೀಟರಿನ ಆಳ, ಹಾಗಾಗಿ ಅಪರ್ಚರ್ ಎಫ್ 8ರಿಂದ 11, ಫೋಕಸ್ ಕಣ್ಣಿನ ಮೇಲೆ. ಷಟರ್ 1/2000 ಸೆಕೆಂಡಿಗೆ ಇಟ್ಟರೂ ರೆಕ್ಕೆ ಒಂದಿಷ್ಟು ಮಸುಕಾಗುತ್ತದೆ. ಆಗಲಿ ಬಿಡಿ. ಫ್ಲ್ಯಾಶ್ ಹೊಡೆದು ರೆಕ್ಕೆಯನ್ನು ಕಲ್ಲಾಗಿಸಿದ ಚಿತ್ರಗಳು ನನಗೆ ಅಂಟಿಸಿಟ್ಟ ಹುಳದ ಹಾಗೆಯೇ ಕಾಣುತ್ತವೆ. ಮೊಬೈಲ್ ಮಾತ್ರ ಇದ್ದವರು ಸ್ಲೋ ಮೋಷನ್ ವಿಡಿಯೋ ತೆಗೆದು ನೋಡಲಿ, ಮುಂಗಾಲಿನ ಕೆಲಸ ಅದರಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಹೀಗೆ ಮಲಗಿದ್ದಾಗಲೇ ಒಮ್ಮೆ ಕುರಿ ಕಾಯುವ ಹಿರಿಯರೊಬ್ಬರು ಬಂದು ನಿಂತರು.

"ಏನ್ ಮೇಡಮ್ಮೋರೆ, ಏನಾರ ಕಳ್ಕಂಡ್ರಾ?"

"ಇಲ್ಲ ಕಣಣ್ಣ, ನೊಣ ನೋಡ್ತಾ ಇದೀನಿ."

"ನೊಣ ನೋಡಾಕೆ ಇಲ್ಲಿಗಂಟ ಬರ್ಬೇಕಾ? ನಮ್ಮ ಹಟ್ಟಿಗೆ ಬನ್ನಿ, ಬೇಕಾದಷ್ಟವೆ."

ಹೂವಿನ ಮೇಲಿನ ಚಿತ್ರ ಸಿಕ್ಕಿದ ಕೂಡಲೇ ಹೆಚ್ಚಿನವರು ಎದ್ದು ಹೋಗುತ್ತಾರೆ. ನನ್ನ ತಕರಾರು ಇದೇ: ಅಷ್ಟಕ್ಕೆ ನಿಲ್ಲಿಸಿದರೆ ಅರ್ಧ ಪ್ರಾಣಿಯನ್ನು ಮಾತ್ರ ನೋಡಿದಂತೆ. ಉಳಿದರ್ಧ ಪಕ್ಕದ ಬೋಳು ನೆಲದಲ್ಲಿದೆ. ಬಾಂಬಿಲಿಯಸ್ ಜಾತಿಯ ಹೆಣ್ಣು ನುಣ್ಣನೆ ಧೂಳಿರುವ ಕಡೆ ಹೊಟ್ಟೆಯ ತುದಿ ಊರಿ ಗಡಗಡ ಅಲುಗಿಸುತ್ತದೆ. ಅಲ್ಲೊಂದು ಪುಟ್ಟ ಚೀಲವಿದೆ, ಅದಕ್ಕೆ ಮಣ್ಣು ತುಂಬಿಕೊಳ್ಳುವ ಕೆಲಸ ಅದು. ಮೊಟ್ಟೆಗಳು ಆ ಮಣ್ಣು ಮೆತ್ತಿಕೊಂಡು ಹೊರಬರುತ್ತವೆ. ಆಮೇಲೆ ಒಂಟಿ ಜೇನು, ಅಂದರೆ ಹುಟ್ಟು ಕಟ್ಟದೆ ನೆಲದಲ್ಲಿ ಬಿಲ ತೋಡಿ ಒಬ್ಬಂಟಿಯಾಗಿ ಸಂಸಾರ ಮಾಡುವ ಜೇನಿನ ಬಿಲ ಹುಡುಕಿ, ಅದರ ಬಾಯಿಯ ಮೇಲೆ ಗಾಳಿಯಲ್ಲೇ ನಿಂತು, ಹೊಟ್ಟೆ ಚಿಮ್ಮಿಸಿ ಒಂದೊಂದಾಗಿ ಮೊಟ್ಟೆ ಎಸೆಯುತ್ತದೆ. ಒಳಗೆ ಕಾಲಿಡುವುದಿಲ್ಲ.

ಮೊಟ್ಟೆಯೊಡೆದ ಮರಿ ತೆಳ್ಳಗೆ, ಚುರುಕಾಗಿ ಹರಿದಾಡುವಂಥದು. ಜೇನಿನ ಮರಿ ಇರುವ ಕೋಣೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಆ ಮರಿ ತಿಂದು ಕೊಬ್ಬುವವರೆಗೂ ಕಾದು, ಪೊರೆ ಕಳಚಿ, ನಡೆಯಲಾರದ ದಪ್ಪ ಹುಳುವಾಗಿ ಅದನ್ನು ಹೀರತೊಡಗುತ್ತದೆ. ಫ್ರಾನ್ಸಿನ ಜಾನ್ ಆನ್ರಿ ಫಾಬ್ರ್ ಇದೇ ಕುಟುಂಬದ ಆಂಥ್ರಾಕ್ಸ್ ನೊಣವನ್ನು ಕೂತು ನೋಡಿ ಬರೆದಿದ್ದಾನೆ: ಮರಿಯ ಮೈಮೇಲೆ ಗಾಯ ಕಾಣುವುದಿಲ್ಲ, ಕೊನೆಗೆ ಬರೀ ತೊಗಲು ಉಳಿಯುತ್ತದೆ. ಇನ್ನೊಂದು ಒಗಟನ್ನೂ ಅವನೇ ಬಿಡಿಸಿದ. ಇಷ್ಟು ಮೃದು ಮೈಯ ನೊಣ ಗಟ್ಟಿ ಮಣ್ಣಿನ ಗೂಡಿನಿಂದ ಹೊರಬರುವುದು ಹೇಗೆ? ನೊಣ ಒಡೆಯುವುದಿಲ್ಲ, ಅದಕ್ಕೆ ಮೊದಲಿನ ಕೋಶ ಒಡೆಯುತ್ತದೆ. ಕೋಶದ ತಲೆಯ ಮೇಲೆ ಗಟ್ಟಿ ಮುಳ್ಳುಗಳಿವೆ.

ಇದನ್ನು ಕೇಳಿ ಮಕ್ಕಳು ಜೇನಿನ ಪಕ್ಷ ವಹಿಸುತ್ತಾರೆ. ಸಹಜವೇ. ಆದರೆ ಇದೇ ಕುಟುಂಬದ ಬೇರೆ ಜಾತಿಗಳ ಮರಿಗಳು ಮಣ್ಣಿನೊಳಗೆ ಮಿಡತೆಯ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ ಎಂದರೆ ಹೊಲವಿರುವ ಮನೆಯ ಹುಡುಗರ ಮುಖ ಅರಳುತ್ತದೆ. ಭಾರತದ ಬೀ ಫ್ಲೈಗಳನ್ನು ಒಂದೆಡೆ ಸೇರಿಸಿ ವಿವರಿಸಿದವನು ಎನ್ರಿಕೊ ಬ್ರೂನೆಟ್ಟಿ, 1920ರಲ್ಲಿ ಬಂದ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯ ಸಂಪುಟದಲ್ಲಿ. ವೃತ್ತಿಯಿಂದ ಅವನು ಸಂಗೀತಗಾರ, ನೊಣಗಳು ಹವ್ಯಾಸ!

ಹೆಸರು ತಿಳಿಯಲು ಒಂದು ಚಿತ್ರ ಸಾಲದು. ಮೇಲಿನಿಂದ ರೆಕ್ಕೆಯ ನರಗಳು, ಪಕ್ಕದಿಂದ ಕೊಳವೆ, ಎದುರಿನಿಂದ ಮುಖ, ಇವಿಷ್ಟು ಬೇಕು. ಆದರೂ ಬಹಳ ಸಲ ಎಕ್ಸೋಪ್ರೊಸೋಪ, ಆಂಥ್ರಾಕ್ಸ್ ಎಂದು ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ. ಆಂಥ್ರಾಕ್ಸ್ ಎಂದೊಡನೆ ದನಕರುಗಳ ನೆರಡಿ ರೋಗ ನೆನೆದು ಗಾಬರಿಯಾಗಬೇಡಿ, ಹೆಸರಷ್ಟೇ ಒಂದು. ಈ ನೊಣಕ್ಕಾಗಿ ಗುಡ್ಡ ಹತ್ತುವುದೂ ಬೇಡ. ಬಿಸಿಲು ಬೀಳುವ ಹಳೇ ಮಣ್ಣಿನ ಗೋಡೆಯಲ್ಲಿ ಕಡಜದ ಗೂಡೋ ಜೇನಿನ ತೂತೋ ಇದ್ದರೆ ಹನ್ನೊಂದರ ಹೊತ್ತಿಗೆ ಅದರ ಮುಂದೆ ನಿಂತು ನೋಡಿ. ಗೋಡೆಗೆ ಸಿಮೆಂಟ್ ಬಳಿದಿದ್ದರೆ ಮಾತ್ರ ಕಾಯುವುದು ವ್ಯರ್ಥ.