ಕಣ್ಣಿನಿಂದ ಕೇಳಿದ ಕಚೇರಿ

ವಾಚಕರೇ, ಸಂಗೀತವನ್ನು ಕಿವಿಯಿಂದ ಕೇಳುವದು ಲೋಕರೂಢಿ. ಆದರೆ ಕಣ್ಣಿನಿಂದ ಕೇಳಬೇಕಾದ ಸಂಗೀತವೂ ಉಂಟೆಂಬುದು ನಮಗೆ 2023ನೆಯ ಇಸವಿಯ ಜನವರಿ ತಿಂಗಳಲ್ಲಿ ಮನವರಿಕೆಯಾಯಿತು.

ಹೊಸರಿತ್ತಿಯ ನಮ್ಮ ಮನೆಯ ಹಿರಿಯರಾದ ಕಾಕಾ ಅವರು ಬಹುಕಾಲ ಊರ ಭಜನಾಮೇಳಕ್ಕೆ ತಬಲಾ ಬಾರಿಸಿದವರು. ಬೆರಳು ನಡುಗಹತ್ತಿದ ಬಳಿಕ ತಬಲಾ-ಡಗ್ಗಗಳನ್ನು ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟುಬಿಟ್ಟಿದ್ದರು. ನಮ್ಮ ಮಗಳು ಕಲಿಸಿರೆಂದು ಎಷ್ಟು ಸಾರೆ ಬೇಡಿಕೊಂಡರೂ, “ನೀನು ನಾಳೆ ಗಿಟಾರಿನವರ ಸಂಗಡ ಕೂಡ್ರುವಾಕಿ, ವಿದ್ಯೆ ಕೆಡತದವ್ವಾ” ಎಂದು ಒಪ್ಪಲೊಲ್ಲರು. ಈ ಮಾತಿನಿಂದ ಅಜ್ಜ-ಮೊಮ್ಮಗಳ ನಡುವೆ ಮಾತುಕತೆಯೇ ಕಡಿಮೆಯಾಗಿತ್ತು.

ಆಗ ‘ಶಕ್ತಿ’ ಎಂಬ ಹಳೆಯ ಮೇಳವು ತನ್ನ ಐವತ್ತನೆಯ ವರ್ಷದ ಸಂಚಾರದಲ್ಲಿ ಬೆಂಗಳೂರಿಗೆ ಬರುವದೆಂದು ತಿಳಿಯಿತು. ಗಿಟಾರಿನ ಮೇಳವೆಂದೊಡನೆ ಕಾಕಾ ಮುಖ ತಿರುವಿದರು. ತಬಲಾ ಝಾಕೀರ ಹುಸೇನರದೆಂದೊಡನೆ ಎದ್ದು ಕುಳಿತರು. ಚೀಟಿಗಳು ತುಟ್ಟಿಯಾಗಿದ್ದರೂ ಮೂವರೂ ಹಾವೇರಿಯಲ್ಲಿ ರೈಲು ಹತ್ತಿದೆವು.

ಈ ಮೇಳದ ಪೂರ್ವವೃತ್ತಾಂತವು ಕೇಳತಕ್ಕುದಾಗಿದೆ. ಇಂಗ್ಲೆಂಡದ ಗಿಟಾರವಾದಕರಾದ ಜಾನ್ ಮೆಕ್‌ಲಾಫ್ಲಿನ್ನರು 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ ಎಂಬ ಮೇಳವನ್ನು ಕಟ್ಟಿ, ಜಾಝ್ ಹಾಗೂ ರಾಕ್ ಎಂಬ ಎರಡು ಪಾಶ್ಚಾತ್ಯ ವಾದ್ಯಪದ್ಧತಿಗಳನ್ನು ಬೆಸೆದು ಹೆಸರಾದರು. ಅನಂತರ ಪಿಟೀಲಿನ ಎಲ್. ಶಂಕರ್, ಘಟದ ವಿನಾಯಕರಾಮ್, ತಬಲಾದ ಝಾಕೀರ ಇವರೊಡನೆ ‘ಶಕ್ತಿ’ಯಾಯಿತು. ಇದರ ಮೊದಲ ಧ್ವನಿಮುದ್ರಿಕೆಯು 1976ರಲ್ಲಿ ಹೊರಬಂದಿತು. ಹಿಂದುಸ್ತಾನಿಯ ತಬಲಾ, ಕರ್ನಾಟಕ ಪದ್ಧತಿಯ ಘಟ, ಪರದೇಶದ ಗಿಟಾರ ಒಂದೇ ಜಮಖಾನೆಯ ಮೇಲೆ ಕೂಡಿದ್ದು ಅಂದಿಗೆ ಹೊಸ ಸಂಗತಿಯಾಗಿತ್ತು.

ನಾವು ಕಂಡ ಕಚೇರಿಯಲ್ಲಿ ಹಾಡುಗಾರರು ಶಂಕರ ಮಹಾದೇವನ್. ಪಿಟೀಲು ಗಣೇಶ ರಾಜಗೋಪಾಲನ್ನರದು. ವಿನಾಯಕರಾಮರ ಸ್ಥಾನದಲ್ಲಿ ಅವರ ಮಗ ಸೆಲ್ವಗಣೇಶರು ಖಂಜಿರ ಹಿಡಿದಿದ್ದರು. ಮೆಕ್‌ಲಾಫ್ಲಿನ್ನರಿಗೆ ಆಗ 81 ವರ್ಷ. ನಮ್ಮ ಕಾಕಾ ಅವರ ಓರಗೆಯವರೇ.

ಇಂಥ ಸಂಗೀತದ ಮರ್ಮವು ಲೆಕ್ಕದಲ್ಲಿದೆ. ಒಬ್ಬನು ಏಳೆಣಿಕೆಯ ಗತಿಯನ್ನೂ ಇನ್ನೊಬ್ಬನು ನಾಲ್ಕೆಣಿಕೆಯದನ್ನೂ ಹಿಡಿದು ಹೊರಟರೆ ನಡುವೆ ಎಲ್ಲವೂ ಗೊಂದಲವೆನಿಸುವದು. 28 ಎಣಿಕೆ ಮುಗಿದೊಡನೆ ಇಬ್ಬರೂ ಒಂದೇ ಸಮಕ್ಕೆ ಬಂದು ನಿಲ್ಲುವರು. ಧ್ವನಿಮುದ್ರಿಕೆಯಲ್ಲಿ ಈ ಕೂಟವು ಕೇಳಿಸುವದೇ ಹೊರತು, ಸಮ ಬರುವ ಮೊದಲು ಒಬ್ಬರ ಕಣ್ಣನ್ನು ಒಬ್ಬರು ಹುಡುಕುವ ಬಗೆಯು ಕಾಣಿಸದು. ಕಾಕಾ ಮೊದಮೊದಲು ಕೈಕಟ್ಟಿ ಕುಳಿತಿದ್ದರು. ಅರ್ಧ ತಾಸಿನಲ್ಲಿ ಅವರ ನಡುಗುವ ಬೆರಳುಗಳು ತೊಡೆಯ ಮೇಲೆ ಎಣಿಕೆ ಹಿಡಿದಿದ್ದವು. ಪಕ್ಕದಲ್ಲಿ ಮಗಳೂ ಎಣಿಸುತ್ತಿದ್ದಳು. ಒಮ್ಮೆ ಅವಳು ತಪ್ಪಿದಳು. ಅವರು ಮಾತಾಡದೆ ಅವಳ ಕೈ ಹಿಡಿದು ಸರಿಯಾದ ಪೆಟ್ಟಿಗೆ ಕೂಡ್ರಿಸಿದರು.

ಹೊರಗೆ ಬಂದು, “ಹೆಂಗಿತ್ತು ಕಾಕಾ?” ಎಂದು ಕೇಳಿದೆವು. “ಕೆಲವು ಬರೇ ಗದ್ದಲ ಆತು ತಮ್ಮಾ. ಆದರ ಆ ಗಿಟಾರಿನ ಮುದುಕ ತಾಳ ಬಲ್ಲಾವ” ಎಂದರು. ಅದು ಸುಳ್ಳಲ್ಲ, ಅದೇ ಮೆಕ್‌ಲಾಫ್ಲಿನ್ನರು ಸೆಲ್ವಗಣೇಶರ ಕೂಡ ಕೊನ್ನಕ್ಕೋಲು ಕಲಿಸುವ ಚಿತ್ರವನ್ನೇ ಮಾಡಿದ್ದಾರೆ. ಊರಿಗೆ ಬಂದ ಮರುದಿನ ತಬಲಾಗಳು ಅಟ್ಟದಿಂದ ಇಳಿದವು.

2024ನೆಯ ಡಿಸೆಂಬರ 15ರಂದು ಝಾಕೀರರು ಅಮೇರಿಕೆಯಲ್ಲಿ ತೀರಿಕೊಂಡರು. ಸುದ್ದಿ ಕೇಳಿದ ಕಾಕಾ ಆ ದಿನ ಪಾಠವನ್ನು ಬಿಡಲಿಲ್ಲ. ಒಂದು ತಾಸು ಹೆಚ್ಚೇ ಹೇಳಿದರು.

ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ: ಮನೆಯಲ್ಲಿ ವಿದ್ಯಾವಂತ ಹಿರಿಯರಿದ್ದರೆ, ಅವರನ್ನೂ ಮಕ್ಕಳನ್ನೂ ಒಮ್ಮೆ ಒಂದೇ ಕಚೇರಿಗೆ ಕರೆದುಕೊಂಡು ಹೋಗಿರಿ. ಚೀಟಿಯ ಹಣವನ್ನು ಮತ್ತೆ ಗಳಿಸಬಹುದು. ಬಾರಿಸುವವರಿಗೂ ಕಲಿಸುವವರಿಗೂ ವಯಸ್ಸು ಕಾಯುವದಿಲ್ಲ.