ಮಾಡದ ಮುದ್ದೆ, ಕನ್ನಡಿಯ ಬೈತಲೆ

ಇಳಕಲ್ಲಿನ ಓಣಿಗಳಲ್ಲಿ ಒಮ್ಮೊಮ್ಮೆ ಈಗಲೂ ಆ ಕೂಗು ಕೇಳುತ್ತದೆ: ‘ಕೂದಲಾ ಅದಾವೇನ್ರೆವ್ವಾ, ಕೂದಲಾ...’ ಬಾಚುವಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಮಾಡದಲ್ಲಿ ಸಿಕ್ಕಿಸಿಟ್ಟವರು ಅದನ್ನು ತಂದು ಕೊಡುತ್ತಾರೆ. ಬದಲಿಗೆ ಸೇಫ್ಟಿ ಪಿನ್ನು, ರಿಬ್ಬನ್ನು, ಮುದ್ದೆ ದೊಡ್ಡದಿದ್ದರೆ ಒಂದು ಸ್ಟೀಲಿನ ಬಟ್ಟಲು. ಹೀಗೆ ಮನೆಮನೆ ಸುತ್ತಿ ಕೂಡಿಸಿದ ಕೂದಲಿಗೆ ನಮ್ಮ ಪಕ್ಕದಲ್ಲೇ ದೊಡ್ಡ ಪೇಟೆಯಿದೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುವ ಉದ್ಯಮವೇ ಬೆಳೆದಿದೆ.

ಮುಟ್ಟು ನಿಂತ ಮೇಲೆ ‘ಕೂದಲ ಭಾಳ ಉದರಾಕ ಹತ್ತ್ಯಾವ’ ಎಂದು ಸಂಕಟಪಡುವ ಹೆಣ್ಣುಮಕ್ಕಳಿಗೆ ನಾನು ಮೊದಲು ಕೇಳುವುದು ಈ ಮಾಡದ ಮುದ್ದೆಯ ಬಗ್ಗೆ. ಅದು ದೊಡ್ಡದಾಗಿದೆಯೋ, ಅಥವಾ ಮುದ್ದೆ ಮೊದಲಿನಷ್ಟೇ ಇದ್ದು ಕನ್ನಡಿಯಲ್ಲಿ ಬೈತಲೆ ಮಾತ್ರ ಅಗಲವಾಗಿದೆಯೋ? ಎರಡೂ ಒಂದೇ ರೋಗದಂತೆ ಕಂಡರೂ ಬೇರೆ ಬೇರೆ. ಯಾವುದು ಎಂದು ತಿಳಿಯದೆ ಎಣ್ಣೆಗೂ ಗುಳಿಗೆಗೂ ದುಡ್ಡು ಸುರಿಯುವುದೇ ಹೆಚ್ಚು.

ನಮ್ಮ ನೆತ್ತಿಯಲ್ಲಿ ಸುಮಾರು ಒಂದು ಲಕ್ಷ ಕೂದಲಿನ ಬೇರುಗಳಿವೆ. ಒಂದೊಂದು ಬೇರಿಗೂ ಅದರದೇ ದುಡಿಮೆ, ಅದರದೇ ವಿಶ್ರಾಂತಿ. ಎರಡರಿಂದ ಆರು ವರ್ಷ ಅದು ಕೂದಲು ಬೆಳೆಸುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ. ಆಮೇಲೆ ಎರಡು-ಮೂರು ವಾರದಲ್ಲಿ ಕೆಲಸ ನಿಲ್ಲಿಸಿ, ಮೂರು ತಿಂಗಳು ಮಲಗಿ, ಹಳೆಯ ಕೂದಲನ್ನು ಕೆಡವಿ ಹೊಸದನ್ನು ಶುರು ಮಾಡುತ್ತದೆ. ಹತ್ತರಲ್ಲಿ ಒಂದು ಪಾಲು ಬೇರುಗಳು ಯಾವ ಹೊತ್ತಿಗೂ ಮಲಗಿಯೇ ಇರುತ್ತವೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಿಗೂ ಇದ್ದದ್ದೇ. ವಾರಕ್ಕೊಮ್ಮೆ ಎರೆದುಕೊಳ್ಳುವವರಿಗೆ ಆ ದಿನ ಒಮ್ಮೆಲೇ ಹೆಚ್ಚು ಕಾಣುತ್ತದೆ, ಅಷ್ಟೆ.

ಹಾರ್ಮೋನು ಬದಲಾದರೆ ಕೂದಲು ಏನಾಗುತ್ತದೆಂಬುದನ್ನು ಹಡೆದವರು ಒಮ್ಮೆ ಕಂಡೇ ಇರುತ್ತಾರೆ. ಬಸುರಿಯಲ್ಲಿ ಹೆರಳು ದಪ್ಪಗಿರುತ್ತದೆ. ಈಸ್ಟ್ರೋಜೆನ್ ಏರಿದಾಗ ಬೇರುಗಳು ದುಡಿಮೆಯ ಹಂತದಲ್ಲೇ ಹೆಚ್ಚು ದಿನ ಉಳಿಯುತ್ತವೆ. ಹೆರಿಗೆಯಾಗಿ ಅದು ಇಳಿದ ಮೇಲೆ ಮೂರ್ನಾಲ್ಕು ತಿಂಗಳಿಗೆ ಕೈತುಂಬ ಉದುರುತ್ತದೆ. ಮತ್ತೆ ಬೆಳೆಯುತ್ತದೆ. ಮುಟ್ಟು ನಿಂತಾಗಲೂ ಈಸ್ಟ್ರೋಜೆನ್ ಇಳಿಯುತ್ತದೆ, ಆದರೆ ಮತ್ತೆ ಏರುವುದಿಲ್ಲ. ನಮ್ಮ ದೇಶದ ಹೆಂಗಸರಿಗೆ ಇದು ಸರಾಸರಿ 46–47ರ ಸುಮಾರಿಗೆ, ಪಶ್ಚಿಮ ದೇಶಗಳವರಿಗಿಂತ ನಾಲ್ಕೈದು ವರ್ಷ ಮೊದಲೇ ಬರುತ್ತದೆ. ‘ಚೀಲ ತಗಸೀನಿ’ ಎನ್ನುವವರಲ್ಲಿ ಗರ್ಭಚೀಲದ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಅದು ಮೂವತ್ತೈದಕ್ಕೇ, ಅದೂ ಒಂದೇ ದಿನದಲ್ಲಿ ಬಂದಿರುತ್ತದೆ.

ಇಳಕಲ್ಲಿನವರಿಗೆ ಮುಂದಿನದನ್ನು ಮಗ್ಗದ ಮಾತಿನಲ್ಲೇ ಹೇಳಬಹುದು. ಹಾಸಿನ ಎಳೆಗಳು ಲೆಕ್ಕದಲ್ಲಿ ಅಷ್ಟೇ ಇದ್ದು, ದಪ್ಪ ನೂಲಿನ ಬದಲು ಸಣ್ಣ ನೂಲು ಹಾಕಿದರೆ ಸೀರೆ ತೆಳುವಾಗಿ ಬೆನ್ನು ಕಾಣಿಸುವುದಿಲ್ಲವೇ? ಬೈತಲೆಯಲ್ಲಿ ಆಗುವುದೂ ಅದೇ. ಬೇರು ಸತ್ತಿರುವುದಿಲ್ಲ. ಪ್ರತಿ ಸುತ್ತಿನಲ್ಲೂ ಕುಗ್ಗುತ್ತ, ಮೊದಲಿಗಿಂತ ಸಣ್ಣ, ಗಿಡ್ಡ ಎಳೆಯನ್ನು ನೇಯುತ್ತದೆ. ಅದಕ್ಕೇ ಮಾಡದ ಮುದ್ದೆ ಬೆಳೆಯದೆಯೂ ನೆತ್ತಿ ಕಾಣತೊಡಗುತ್ತದೆ. ಇದರಲ್ಲಿ ತಂದೆ ತಾಯಿ ಎರಡೂ ಕಡೆಯ ವಂಶದ ಪಾಲಿದೆ. ಗಂಡಸರ ಹಾರ್ಮೋನೆಂದು ಕರೆಯುವ ಆಂಡ್ರೋಜೆನ್ ಹೆಂಗಸರಲ್ಲೂ ಸ್ವಲ್ಪ ಇರುತ್ತದೆ. ಈಸ್ಟ್ರೋಜೆನ್ ಇಳಿದಾಗ ಅದರ ಕೈ ಮೇಲಾಗುತ್ತದೆ ಎಂಬುದು ಒಂದು ವಿವರಣೆ. ಆದರೆ ಇಂಥ ಬಹುಪಾಲು ಹೆಂಗಸರ ರಕ್ತದಲ್ಲಿ ಆಂಡ್ರೋಜೆನ್ ಮಟ್ಟ ಸರಿಯಾಗಿಯೇ ಇರುತ್ತದೆ. ಗಂಡಸರ ಬೋಳಿನಷ್ಟು ಸರಳ ಲೆಕ್ಕ ಇದಲ್ಲ. 1977ರಲ್ಲಿ ಜರ್ಮನಿಯ ಚರ್ಮವೈದ್ಯ ಎರಿಕ್ ಲುಡ್‌ವಿಗ್ ಇದನ್ನು ಮೂರು ಹಂತಗಳಲ್ಲಿ ಗುರುತಿಸಿದರು. ನಡುನೆತ್ತಿ ತೆಳ್ಳಗಾದರೂ ಹಣೆಯ ಅಂಚಿನ ಕೂದಲು ಉಳಿಯುತ್ತದೆ ಎಂಬುದು ಅವರು ಕಂಡ ಮುಖ್ಯ ಲಕ್ಷಣ. ಪೂರ್ತಿ ಬೋಳಾಗುವ ಹೆದರಿಕೆ ಹೆಚ್ಚಿನವರಿಗೆ ಬೇಕಿಲ್ಲ.

ಆದರೂ ಹೆದರುತ್ತಾರೆ, ಮತ್ತು ಆ ಹೆದರಿಕೆಗೆ ಬೇರೆ ಬೇರಿದೆ. ಬಾದಾಮಿಯ ಮೂರನೇ ಗುಹೆ, 578ರ ಶಾಸನವಿರುವುದು, ಅಲ್ಲಿ ಬೋದಿಗೆಗಳ ಮೇಲೆ ನಿಂತ ಹೆಣ್ಣುಗಳ ಮುಡಿಯನ್ನು ನೋಡಿ: ಎಷ್ಟು ತುಂಬು ತುರುಬು! ಹುನಗುಂದ ಸೀಮೆಯ ಮನೆಮನೆಯ ಕ್ಯಾಲೆಂಡರಿನಲ್ಲಿ ಅಕ್ಕಮಹಾದೇವಿಗೆ ಕೂದಲೇ ಉಡುಗೆ. ಇನ್ನೊಂದು ತುದಿಯಲ್ಲಿ ‘ಬೋಳಿ’ ಎಂಬ ಬೈಗುಳವಿದೆ. ವಿಧವೆಯರ ತಲೆ ಬೋಳಿಸುತ್ತಿದ್ದ ಕಾಲದ ಕ್ರೌರ್ಯವನ್ನು ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಕಾದಂಬರಿಯಲ್ಲಿ ತೋರಿಸಿದರು. ಆ ಪದ್ಧತಿ ಹೋಯಿತು, ಬೈಗುಳ ಉಳಿಯಿತು. ಹೆಣ್ಣಿನ ತೆಳ್ಳಗಿನ ನೆತ್ತಿಯನ್ನು ಅಮಂಗಲವೆಂದು ನೋಡುವ ಕಣ್ಣು ಇರುವವರೆಗೂ ಅವಳು ಅದನ್ನು ಸೆರಗಿನಡಿ ಮುಚ್ಚಿಯೇ ಇಡುತ್ತಾಳೆ. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದೆಯುವುದು ನಮ್ಮ ಕಡೆಯ ಚೆಂದದ ಸಂಪ್ರದಾಯ, ಏಪ್ರಿಲ್-ಮೇ ಬಿಸಿಲಿಗೆ ಅದು ನಿಜವಾದ ರಕ್ಷಣೆಯೂ ಹೌದು. ತೆಳ್ಳಗಾದ ನೆತ್ತಿ ಬಿಸಿಲಿಗೆ ಬೇಗ ಸುಡುತ್ತದೆ. ಆದರೆ ವೈದ್ಯರ ಮುಂದೆಯೂ ಆ ಸೆರಗು ಸರಿಯದಿದ್ದರೆ ಕಷ್ಟ.

ಏಕೆಂದರೆ ಮಾಡದ ಮುದ್ದೆ ಥಟ್ಟನೆ ದೊಡ್ಡದಾದಾಗ ಅದು ಮುಟ್ಟು ನಿಂತದ್ದರ ಮಾತಲ್ಲ, ಮೈಯೊಳಗಿನ ಇನ್ನೊಂದರ ಸುದ್ದಿ. ಡೆಂಗಿ, ಟೈಫಾಯ್ಡ್, ಆಪರೇಷನ್, ಮನೆಯಲ್ಲಿ ಸಾವು, ಇಂಥ ಪೆಟ್ಟು ಬಿದ್ದ ಎರಡು-ಮೂರು ತಿಂಗಳಿಗೆ ಕೂದಲು ಗೊಂಚಲಾಗಿ ಬರುತ್ತದೆ. ಕಾರಣ ಅಷ್ಟರಲ್ಲಿ ಮರೆತುಹೋಗಿರುತ್ತದೆ. ಹೆಚ್ಚಾಗಿ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಥೈರಾಯ್ಡ್ ಏರುಪೇರೂ ಹೀಗೇ ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು ಕಬ್ಬಿಣದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಸ್ರಾವ ವಿಪರೀತವಾಗಿ ಉಳಿದ ಕಬ್ಬಿಣವೂ ಹೋಗಿರುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯ ಕಬ್ಬಿಣದ ಕಣಜ ಬರಿದಾಗಿರಬಹುದು. ಆ ಕಣಜವನ್ನು ಅಳೆಯುವ ಪರೀಕ್ಷೆಯ ಹೆಸರು ಫೆರಿಟಿನ್.

ಇನ್ನೂ ಒಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮುಟ್ಟು ನಿಂತು ವರ್ಷಗಳಾದ ಮೇಲೂ ರಕ್ತ ಕಡಿಮೆಯಿದ್ದರೆ ಗುಳಿಗೆ ನುಂಗಿ ಸುಮ್ಮನಾಗಬಾರದು. ತಿಂಗಳ ಸ್ರಾವವಿಲ್ಲದ ಮೈಯಿಂದ ರಕ್ತ ಎಲ್ಲಿ ಹೋಗುತ್ತಿದೆ? ಮೂಲವ್ಯಾಧಿಯೋ, ಮೊಣಕಾಲು ನೋವಿಗೆ ದಿನಾ ನುಂಗುವ ಗುಳಿಗೆಯಿಂದ ಹೊಟ್ಟೆಯಲ್ಲಾದ ಹುಣ್ಣೋ, ಅಪರೂಪಕ್ಕೆ ಕರುಳಿನ ಗಡ್ಡೆಯೋ? ಕೂದಲಿನ ನೆಪದಲ್ಲಿ ಇದು ಬೇಗ ಬಯಲಾದರೆ ಜೀವವೇ ಉಳಿಯುತ್ತದೆ.

ಊಟದ ಮಾತನ್ನೂ ಹೇಳಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ: ನಮ್ಮ ಗಂಗಾಳ ಬಡವಲ್ಲ. ಆದರೆ ಕಾಳು-ಸೊಪ್ಪಿನ ಕಬ್ಬಿಣವನ್ನು ಮೈ ಅರೆಬರೆ ಹೀರುತ್ತದೆ. ಊಟಕ್ಕೆ ನಿಂಬೆಹುಳಿ ಹಿಂಡಿದರೆ ಹೆಚ್ಚು ಹೀರುತ್ತದೆ, ಕೈತೊಳೆದ ಕೂಡಲೇ ಚಹಾ ಕುಡಿದರೆ ಕಡಿಮೆ. ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಕೂದಲಿಗೂ ಕೇಡು.

ಬೋರಿನ ಸವಳು ನೀರಿನ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ. ಗಡಸು ನೀರು ಕೂದಲನ್ನು ಒರಟು ಮಾಡಿ ನಡುವೆ ತುಂಡರಿಸಬಹುದು, ಬೇರನ್ನು ಕುಗ್ಗಿಸುವುದು ಅದಲ್ಲ. ಕೊಬ್ಬರಿ ಎಣ್ಣೆ ಎಳೆಯನ್ನು ಕಾಯುತ್ತದೆ, ಹೊಸ ಕೂದಲು ಹುಟ್ಟಿಸುವುದಿಲ್ಲ. ಬಯೋಟಿನ್ ಗುಳಿಗೆ ಆ ಜೀವಸತ್ವದ ಕೊರತೆಯಿಲ್ಲದವರಿಗೆ ನಿರುಪಯೋಗಿ. ಅಷ್ಟೇ ಅಲ್ಲ, ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ಅದು ಕೆಡಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದಾರೆ.

ಬೈತಲೆ ಅಗಲವಾಗುವ ತೊಂದರೆಗೆ ಇಂದು ಹೆಚ್ಚು ಪುರಾವೆಯಿರುವ ಔಷಧ ಮಿನಾಕ್ಸಿಡಿಲ್. ಅದು ಮೊದಲಿಗೆ ರಕ್ತದೊತ್ತಡದ ಗುಳಿಗೆ. ನುಂಗಿದವರ ಮುಖ, ತೋಳುಗಳಲ್ಲಿ ಕೂದಲು ಬೆಳೆಯತೊಡಗಿದ್ದನ್ನು ಕಂಡು ನೆತ್ತಿಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ ಗಂಡಸರಿಗೆ 1988ರಲ್ಲಿ, ಹೆಂಗಸರಿಗೆ 1991ರಲ್ಲಿ ಒಪ್ಪಿಗೆ ಸಿಕ್ಕಿತು. ಇದರ ಗುಣ ತಿಳಿದು ಹಚ್ಚಬೇಕು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚುತ್ತದೆ, ಮಲಗಿದ್ದ ಬೇರುಗಳು ಹಳೆಯದನ್ನು ಕೆಡವಿ ಏಳುವುದರಿಂದ. ಎಷ್ಟೋ ಜನ ಇಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಹಲವರಲ್ಲಿ ಇದ್ದದ್ದು ಉಳಿಯುತ್ತದೆ, ಕೆಲವರಲ್ಲಿ ಹೊಸದು ಬರುತ್ತದೆ. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಗಳಿಸಿದ್ದು ಹೋಗುತ್ತದೆ. ಹಣೆ, ಕೆನ್ನೆಗೆ ಇಳಿದರೆ ಅಲ್ಲೂ ನವಿರು ಕೂದಲು ಬರುತ್ತದೆ. ಹೃದಯದ ತೊಂದರೆಯಿದ್ದವರು ಕೇಳದೆ ಹಚ್ಚಬಾರದು. ಸ್ಪೈರೊನೊಲ್ಯಾಕ್ಟೋನ್‌ನಂಥ ಗುಳಿಗೆಗಳನ್ನು ಚರ್ಮವೈದ್ಯರು ವ್ಯಕ್ತಿ ನೋಡಿ ಕೊಡುತ್ತಾರೆ. ಹಾರ್ಮೋನ್ ಚಿಕಿತ್ಸೆಯನ್ನು ಬರೀ ಕೂದಲಿಗೆಂದು ಕೊಡುವುದಿಲ್ಲ. ಫಲ ಅಳೆಯಲು ಒಂದು ಸುಲಭ ದಾರಿಯಿದೆ: ಮೂರು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಅದೇ ಬೈತಲೆಯ ಫೋಟೊವನ್ನು ಮಗಳ ಕೈಯಲ್ಲಿ ಮೊಬೈಲಿನಲ್ಲಿ ತೆಗೆಸಿಡಿ. ದಿನಾ ನೋಡುವ ಕನ್ನಡಿಗಿಂತ ಅದು ನಂಬಿಕೆಗೆ ಅರ್ಹ.

ಒಂದು ಬಗೆಯ ಉದುರುವಿಕೆಗೆ ಮಾತ್ರ ಕಾಯಲು ಸಮಯವಿಲ್ಲ. ಹಣೆಯ ಅಂಚೇ ಹಿಂದೆ ಸರಿಯುತ್ತಿದ್ದರೆ, ಅಲ್ಲಿಯ ಚರ್ಮ ನುಣುಪಾಗಿ ಹೊಳೆಯುತ್ತಿದ್ದರೆ, ಹುಬ್ಬೂ ತೆಳ್ಳಗಾಗುತ್ತಿದ್ದರೆ ಅದು ಬೇರನ್ನೇ ಸುಟ್ಟು ಕಲೆ ಮಾಡುವ ಉರಿಯೂತವಿರಬಹುದು. ಆಸ್ಟ್ರೇಲಿಯಾದ ಸ್ಟೀವನ್ ಕೊಸ್ಸಾರ್ಡ್ 1994ರಲ್ಲಿ ಇದನ್ನು ಮೊದಲು ವಿವರಿಸಿದ್ದು ಮುಟ್ಟು ನಿಂತ ಹೆಂಗಸರಲ್ಲೇ. ಹೋದ ಬೇರು ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದು. ಗಡ್ಡ-ಮೀಸೆ ಥಟ್ಟನೆ ದಟ್ಟವಾಗಿ ದನಿ ಗಡುಸಾದರೂ ತಡಮಾಡಬೇಡಿ.

ತುರುಬನ್ನು ಜಗ್ಗಿ ಕಟ್ಟುವುದು, ಭಾರದ ಚೌರಿ ಹೆಣೆಯುವುದು ಕುಗ್ಗಿದ ಬೇರಿಗೆ ಪೆಟ್ಟು. ಸಡಿಲ ಹೆರಳು, ಆಗಾಗ ಬೈತಲೆಯ ಜಾಗ ಬದಲಿಸುವುದು, ಗಿಡ್ಡ ಕೂದಲು, ಇವೆಲ್ಲ ತೆಳುವನ್ನು ಮರೆಸುತ್ತವೆ. ಬೇಕೆನಿಸಿದರೆ ಟೋಪನ್ ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಅದರ ಕೂದಲು ನಮ್ಮ ಓಣಿಯಿಂದಲೇ ಹೋದದ್ದಿರಬಹುದು.

ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡುತ್ತಾರೆ. ಚರ್ಮವೈದ್ಯರು ಬೇಕೆಂದರೆ ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಅಕ್ಕಾರ, ಮುಂದಿನ ಸಲ ಬಿಪಿ ತೋರಿಸಲೋ ಮೊಣಕಾಲು ತೋರಿಸಲೋ ಹೋದಾಗ ತಲೆಯ ಮೇಲಿನ ಸೆರಗನ್ನೂ ಸರಿಸಿ ಬೈತಲೆ ತೋರಿಸಿ ಬನ್ನಿ.