ಒಂದೇ ಕಂಪ್ಯೂಟರಿನಲ್ಲಿ ಎರಡು ಲಿನಕ್ಸ್ ಹಾಕುವ ಬಗೆ



ನಮ್ಮ ಶಾಲೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಚಿಕ್ಕ ಮಕ್ಕಳಿಗೆ ಚಿತ್ರ ಬಿಡಿಸಲು ಅದೇ ಬೇಕು, ನಮಗೆ ಹೊಸದು ಕಲಿಯಲು ಅದೇ ಬೇಕು. ಊರಿನ ಮಳೆ ಲೆಕ್ಕವೂ ಅದರಲ್ಲೇ ಇದೆ. ಹಿರಿಯರು ಇಂಚು, ಸೆಂಟಿನಲ್ಲಿ ಬರೆದಿಟ್ಟ ಹಳೇ ಪುಸ್ತಕಗಳನ್ನು ನೋಡಿ ನಾವು ಟೈಪ್ ಮಾಡಿದ್ದೇವೆ. ಕಲಿಯಲು ಹೋಗಿ ಏನಾದರೂ ಕೆಟ್ಟರೆ ಎಲ್ಲಾ ಹೋಯ್ತು ಅನ್ನೋ ಹೆದರಿಕೆಗೆ ಮೊದಲು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಈಗ ಸರ್ ಅದರಲ್ಲಿ ಎರಡು ಲಿನಕ್ಸ್ ಹಾಕಿದ್ದಾರೆ. ಒಂದು ಕೆಲಸಕ್ಕೆ, ಇನ್ನೊಂದು ಕಲಿಯುವುದಕ್ಕೆ. ಹಾಕುವಾಗ ನಾನೂ ಪಕ್ಕದಲ್ಲಿ ಕೂತು ಬರೆದುಕೊಂಡೆ. ಅದನ್ನೇ ಇಲ್ಲಿ ತಿಳಿಸುತ್ತೇನೆ.

ಲಿನಕ್ಸ್ ಎಂದರೇನು?

ಕಂಪ್ಯೂಟರಿನ ಯಂತ್ರವನ್ನು ನಡೆಸುವ ಮುಖ್ಯ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಅದರ ತಿರುಳೇ ಲಿನಕ್ಸ್. 1991ರಲ್ಲಿ ಫಿನ್‌ಲ್ಯಾಂಡ್ ದೇಶದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದನ್ನು ಶುರು ಮಾಡಿದರು. ಆಗ ಅವರಿಗೆ 21 ವರ್ಷ. ಇದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆ ತಿರುಳಿಗೆ ಬೇರೆ ಬೇರೆಯವರು ಬೇಕಾದ ತಂತ್ರಾಂಶಗಳನ್ನು ಸೇರಿಸಿ ಹಂಚುತ್ತಾರೆ. ಅವಕ್ಕೆ ಡಿಸ್ಟ್ರೋ ಎಂದು ಹೆಸರು. 1993ರಲ್ಲಿ ಡೆಬಿಯನ್ ಹುಟ್ಟಿತು. ಅದರಿಂದ 2004ರಲ್ಲಿ ಉಬುಂಟು, ಉಬುಂಟುವಿನಿಂದ 2006ರಲ್ಲಿ ಮಿಂಟ್ ಬಂತು. ಅಜ್ಜಿ, ಮಗಳು, ಮೊಮ್ಮಗಳು ಇದ್ದ ಹಾಗೆ. ನಾವು ಹಾಕಿರುವುದು ಅಜ್ಜಿ ಮತ್ತು ಮೊಮ್ಮಗಳು. ಮಿಂಟ್ ಕೆಲಸಕ್ಕೆ, ಡೆಬಿಯನ್ ಕಲಿಯುವುದಕ್ಕೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಕೇರಳದ ಕೈಟ್ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ಸರಿಹೊಂದುವಂತೆ ಮಾಡಿ ಕೊಡುತ್ತದೆ. ಆದ್ದರಿಂದ ಇದು ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ.

ಬದು ಹಾಕುವುದು

ಒಂದು ಗದ್ದೆಯನ್ನು ಬದು ಹಾಕಿ ಪಾಲು ಮಾಡುತ್ತೇವಲ್ಲ, ಹಾಗೆಯೇ ಹಾರ್ಡ್ ಡಿಸ್ಕನ್ನೂ ಪಾಲು ಮಾಡಬಹುದು. ಇದಕ್ಕೆ ಪಾರ್ಟಿಶನ್ ಎನ್ನುತ್ತಾರೆ. ನಮ್ಮ ಡಿಸ್ಕ್ 500 ಜಿಬಿ. ಆದರೆ ಒಳಗೆ ನೋಡಿದರೆ 465 ಎಂದು ಕಾಣುತ್ತದೆ. ಕಂಪನಿಯವರು 1000ದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುವುದೇ ಇದಕ್ಕೆ ಕಾರಣ. ನಾವು ಮಾಡಿದ ಪಾಲು ಹೀಗಿದೆ:

1. ಶುರುವಾಗುವ ಕಡತಗಳಿಗೆ — 1 ಜಿಬಿ
2. ಮೆಮೊರಿ ಸಾಲದಾಗ ಬಳಸುವ ಸ್ವಾಪ್ — 4 ಜಿಬಿ
3. ಡೆಬಿಯನ್ — 60 ಜಿಬಿ
4. ಮಿಂಟ್ — 60 ಜಿಬಿ
5. ಖಾಲಿ — 60 ಜಿಬಿ
6. ನಮ್ಮ ಬರಹ, ಚಿತ್ರ, ಮಳೆ ಲೆಕ್ಕ — 280 ಜಿಬಿ

ಸ್ವಾಪ್ ಒಂದೇ ಸಾಕು, ಯಾಕೆಂದರೆ ಒಂದು ಸಲಕ್ಕೆ ಒಂದೇ ಲಿನಕ್ಸ್ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಆರನೇ ಪಾಲು. ನಮ್ಮ ಬರಹಗಳು ಯಾವ ಲಿನಕ್ಸಿನ ಪಾಲಿನಲ್ಲೂ ಇಲ್ಲ, ಬೇರೆಯೇ ಇವೆ. ಡೆಬಿಯನ್ ಪೂರ್ತಿ ಕೆಟ್ಟರೆ ಮೂರನೇ ಪಾಲನ್ನು ಮಾತ್ರ ಅಳಿಸಿ ಮತ್ತೆ ಹಾಕಿದರಾಯ್ತು. ಪಕ್ಕದ ಗದ್ದೆಯ ಪೈರಿಗೆ ಏನೂ ಆಗುವುದಿಲ್ಲ. ಇನ್ನೂ ಭದ್ರವಾಗಿರಲಿ ಅಂತ ಸರ್ ಡೆಬಿಯನ್‌ನಲ್ಲಿ ಆರನೇ ಪಾಲನ್ನು ಓದಲು ಮಾತ್ರ ಬರುವ ಹಾಗೆ ಮಾಡಿದ್ದಾರೆ. ಬರೆಯಲು ಮಿಂಟ್‌ಗೇ ಬರಬೇಕು.

ಹಾಕುವ ಕ್ರಮ

ಮೊದಲು ಇದ್ದ ಕಡತಗಳನ್ನೆಲ್ಲಾ ಪೆನ್‌ಡ್ರೈವಿಗೆ ತೆಗೆದುಕೊಳ್ಳಬೇಕು. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಆಮೇಲೆ ಎರಡು ಡಿಸ್ಟ್ರೋಗಳನ್ನೂ ಇಳಿಸಿಕೊಂಡು ಬೇರೆ ಬೇರೆ ಪೆನ್‌ಡ್ರೈವಿಗೆ ಬರೆಯಬೇಕು. ನಮ್ಮಲ್ಲಿ ನೆಟ್ ಸಿಗುವುದು ಕಷ್ಟ, ಅದಕ್ಕೆ ಸರ್ ಮೂಡಿಗೆರೆಯಲ್ಲೇ ಇಳಿಸಿಕೊಂಡು ಬಂದರು. ಹಾಕುವಾಗ "ಡಿಸ್ಕ್ ಪೂರ್ತಿ ಅಳಿಸಿ ಹಾಕಲೇ?" ಎಂದು ಕೇಳುತ್ತದೆ. ಅದನ್ನು ಒತ್ತಬಾರದು. ನಾವೇ ಪಾಲು ಆರಿಸುವ ದಾರಿ ಇರುತ್ತದೆ, ಅದನ್ನೇ ಹಿಡಿಯಬೇಕು.

ಯಾವುದನ್ನು ಮೊದಲು ಹಾಕಬೇಕು? ಸರ್ ಮೊದಲು ಡೆಬಿಯನ್, ಆಮೇಲೆ ಮಿಂಟ್ ಹಾಕಿದರು. ಇದಕ್ಕೆ ಕಾರಣ ಮುಂದೆ ಇದೆ.

ಕವಲು ದಾರಿ

ಕೊಟ್ಟಿಗೆಹಾರಕ್ಕೆ ಬಂದರೆ ಒಂದು ದಾರಿ ಚಾರ್ಮಾಡಿ ಘಾಟಿಗೆ ಇಳಿಯುತ್ತದೆ, ಇನ್ನೊಂದು ಕಳಸದ ಕಡೆ ಹೋಗುತ್ತದೆ. ಯಾವ ಕಡೆ ಅಂತ ಅಲ್ಲೇ ತೀರ್ಮಾನ ಆಗಬೇಕು. ಕಂಪ್ಯೂಟರಿನಲ್ಲಿ ಅಂಥ ಕವಲಿನ ಜಾಗಕ್ಕೆ ಗ್ರಬ್ ಎಂದು ಹೆಸರು. ಸ್ವಿಚ್ ಒತ್ತಿದ ಕೂಡಲೇ ಅದು ಹೆಸರುಗಳ ಪಟ್ಟಿ ತೋರಿಸುತ್ತದೆ. ಬಾಣದ ಗುರುತಿನ ಕೀಲಿಯಿಂದ ಆರಿಸಿ ಎಂಟರ್ ಒತ್ತಬೇಕು.

ಕೊನೆಗೆ ಹಾಕಿದ ಲಿನಕ್ಸಿನ ಗ್ರಬ್ಬೇ ಸಾಮಾನ್ಯವಾಗಿ ಮುಂದೆ ಬರುತ್ತದೆ. ಅದು ಡೆಬಿಯನ್‌ನದ್ದಾಗಿದ್ದರೆ, ಕಲಿಯುವಾಗ ಡೆಬಿಯನ್ ಕೆಟ್ಟರೆ ಕವಲಿನಲ್ಲೇ ದಾರಿ ಕಟ್ಟಿಹೋಗುತ್ತಿತ್ತು, ಮಿಂಟ್‌ಗೂ ಹೋಗಲು ಆಗುತ್ತಿರಲಿಲ್ಲ. ಅದಕ್ಕೇ ಯಾರೂ ಕೈಯಾಡಿಸದ ಮಿಂಟನ್ನು ಕೊನೆಗೆ ಹಾಕಿದ್ದು. ಮುಂದೆ ಡೆಬಿಯನ್ ಮತ್ತೆ ಹಾಕಬೇಕಾಗಿ ಬಂದರೆ ಅದು ಮುಂದೆ ಬಂದು ನಿಲ್ಲುತ್ತದೆ. ಆಗ ಯಂತ್ರದ ಸೆಟ್ಟಿಂಗ್‌ನಲ್ಲಿ ಮಿಂಟನ್ನೇ ಮೊದಲು ಮಾಡಬೇಕು.

ಇನ್ನೊಂದು ವಿಷಯ. 2021ರಲ್ಲಿ ಬಂದ 2.06ನೇ ಆವೃತ್ತಿಯಿಂದ ಗ್ರಬ್ ಪಕ್ಕದ ಲಿನಕ್ಸನ್ನು ತಾನಾಗಿ ಹುಡುಕುವುದಿಲ್ಲ. ಭದ್ರತೆಗಾಗಿ ಹಾಗೆ ಮಾಡಿದ್ದಾರೆ. ಪಟ್ಟಿಯಲ್ಲಿ ಒಂದೇ ಹೆಸರು ಕಂಡರೆ ಗಾಬರಿ ಬೇಡ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಹುಡುಕಲು ಅನುಮತಿ ಕೊಟ್ಟು, ಮಿಂಟ್‌ನ ಟರ್ಮಿನಲ್‌ನಲ್ಲಿ "ಸುಡೋ ಅಪ್‌ಡೇಟ್-ಗ್ರಬ್" ಎಂಬ ಆಜ್ಞೆ ಕೊಟ್ಟರೆ ಎರಡೂ ಕಾಣುತ್ತವೆ. ಆಜ್ಞೆಯನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಡೆಬಿಯನ್‌ಗೆ ಹೊಸ ತಿರುಳು ಬಂದಾಗಲೂ ಇದನ್ನೇ ಮಾಡಬೇಕು.

ಕನ್ನಡ ಬರುತ್ತದೆಯೇ?

ಬರುತ್ತದೆ. ನಮ್ಮ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ಚೆನ್ನಾಗಿ ಬರಬೇಕೆಂದು ಬಹಳ ಹೇಳುತ್ತಿದ್ದರು. ಅವರು 2007ರಲ್ಲಿ ತೀರಿಕೊಂಡರು. ಈಗ ಯೂನಿಕೋಡ್ ಇರುವುದರಿಂದ ಮಿಂಟ್‌ನಲ್ಲಿ ಬರೆದ ಕನ್ನಡ ಡೆಬಿಯನ್‌ನಲ್ಲೂ ಸರಿಯಾಗಿ ತೆರೆಯುತ್ತದೆ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಅಕ್ಷರಗಳೂ ಸಿಗುತ್ತವೆ.

ನೆನಪಿಡಿ

ಎರಡು ಲಿನಕ್ಸ್ ಇದ್ದರೂ ಡಿಸ್ಕ್ ಒಂದೇ. ಡಿಸ್ಕೇ ಹೋದರೆ ಎಲ್ಲಾ ಪಾಲುಗಳೂ ಹೋಗುತ್ತವೆ. ಆದ್ದರಿಂದ ಪ್ರತಿ ಶನಿವಾರ ಆರನೇ ಪಾಲನ್ನು ಪೆನ್‌ಡ್ರೈವಿಗೆ ನಕಲು ಮಾಡಲೇಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಹೊಸದೇನೂ ಹಾಕಲು ಹೋಗಬೇಡಿ. ಮನೆಯಲ್ಲಿ ಹಳೇ 32 ಬಿಟ್ ಕಂಪ್ಯೂಟರ್ ಇರುವವರು ಗಮನಿಸಿ: 2025ರಲ್ಲಿ ಬಂದ ಡೆಬಿಯನ್ 13 ಅದಕ್ಕೆ ಹೊಸದಾಗಿ ಹಾಕಲು ಬರುವುದಿಲ್ಲ.

ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋಗುತ್ತೇವೆ. ಇದನ್ನೆಲ್ಲಾ ನೋಡಿಕೊಳ್ಳಬೇಕಾದವರು ಆರನೇ ತರಗತಿಯವರು. ಡೆಬಿಯನ್‌ನಲ್ಲಿ ಏನು ಬೇಕಾದರೂ ಮಾಡಿ ನೋಡಿ, ಕೆಟ್ಟರೆ ಮತ್ತೆ ಹಾಕಿ. ಐದನೇ ಪಾಲನ್ನು ಖಾಲಿ ಬಿಟ್ಟಿರುವುದು ನಿಮಗಾಗಿ. ಅದರಲ್ಲಿ ಯಾವ ಲಿನಕ್ಸ್ ಹಾಕಿದಿರಿ ಅಂತ ಇದೇ ಗೋಡೆಯಲ್ಲಿ ಬರೆಯಿರಿ.

— 7ನೇ ತರಗತಿಯ ವಿದ್ಯಾರ್ಥಿನಿ